ಟೈರಿನ ಮರೆಯಲ್ಲಿರುವ ರಿಮ್ಮು

ಈ ವಾರವೂ ಅದೇ ಪ್ರಶ್ನೆ ಬಂತು. ಹೊನ್ನಾಳಿ ಕಡೆಯ ಯುವ ರೈತರೊಬ್ಬರು ಫೋನ್ ಮಾಡಿದ್ದರು. “ಸರ್, ಅಪ್ಪನ ಕಾಲದ ಟ್ರ್ಯಾಕ್ಟರ್. ಹಿಂದಿನ ಎರಡೂ ಟೈರ್ ಹೊಸಾವು ತಂದೀನಿ. ರಿಮ್ಮಿನ ಬಣ್ಣ ಎಲ್ಲಾ ಹೋಗೈತಿ. ಟೈರ್ ಹಾಕ್ಸಿ ಆಮೇಲೆ ಬಣ್ಣ ಹೊಡಿಸ್ಲಾ, ಬಣ್ಣ ಹೊಡಿಸಿ ಆಮೇಲೆ ಟೈರ್ ಹಾಕ್ಸ್ಲಾ?” ಟ್ರ್ಯಾಕ್ಟರ್ ಟೈರು, ಟ್ಯೂಬುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರ ಬದಲು ಶೇ 5 ಆಯಿತಲ್ಲ, ಆಗಿನಿಂದ ಹಲ್ಲು ಸವೆದ ಟೈರನ್ನೇ ಇನ್ನೊಂದು ಹಂಗಾಮು ಓಡಿಸೋಣ ಎಂದು ತಡೆದಿದ್ದವರೆಲ್ಲ ಅಂಗಡಿ ಕಡೆ ಹೊರಟಿದ್ದಾರೆ. ಜೊತೆಗೇ ರಿಮ್ಮಿನ ಪ್ರಶ್ನೆಯೂ ಹೊರಟಿದೆ.

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಬಣ್ಣ ಮೊದಲು, ಟೈರು ಆಮೇಲೆ, ಎರಡರ ನಡುವೆ ಕಡಿಮೆಯೆಂದರೆ ಒಂದು ವಾರ. ಮೊದಲೆರಡು ಮಾತಿಗೆ ಯಾರೂ ತಕರಾರು ಮಾಡುವುದಿಲ್ಲ. ಒಂದು ವಾರ ಎಂದ ಕೂಡಲೇ ಆಚೆ ಕಡೆ ಮೌನ. ಒಂದು ವಾರ ಗಾಡಿ ನಿಲ್ಲಿಸುವುದೆಂದರೆ ಏನೆಂದು ನನಗೂ ಗೊತ್ತು. ಬಾಡಿಗೆ ಕೆಲಸ ಕೈತಪ್ಪುತ್ತದೆ, ಗೊಬ್ಬರ ಹೇರಬೇಕಾದವರು ಬೇರೆ ಗಾಡಿ ಕರೆಸಿಕೊಳ್ಳುತ್ತಾರೆ. ಅಷ್ಟಿದ್ದರೂ ಆ ಏಳು ದಿನ ಬಿಡಿ ಎಂದು ಯಾಕೆ ಹಟ ಹಿಡಿಯುತ್ತೇನೆ ಅನ್ನುವುದೇ ಇವತ್ತಿನ ಬರಹ.

ನಮ್ಮದು 1989ರ ಮ್ಯಾಸಿ ಫರ್ಗುಸನ್ 1035. ಮಲೇಬೆನ್ನೂರಿನ ಹತ್ತಿರ, ಭದ್ರಾ ನಾಲೆಯ ನೀರು ಹರಿಯುವ ಗದ್ದೆಗಳಲ್ಲಿ ದುಡಿದ ಗಾಡಿ. ಹಿಂದೆ 12.4-28, ಮುಂದೆ 6.00-16 ಅಳತೆಯ ಟೈರು. ಹದಿನಾರು ವರ್ಷದ ಹಿಂದೆ ಹಿಂದಿನ ಟೈರು ಬದಲಿಸುವಾಗ ಪೇಟೆಯ ಒಂದು ಅಂಗಡಿಗೆ ಒಯ್ದೆ. ಹಳೆ ಟೈರು ಬಿಚ್ಚಿದ ಹುಡುಗರು ರಿಮ್ಮಿನ ಮೇಲೆ ನಾಲ್ಕು ಸಲ ವೈರ್ ಬ್ರಷ್ ಆಡಿಸಿದರು. ಬೆಳಿಗ್ಗೆ ಹತ್ತಕ್ಕೆ ಸಿಲ್ವರ್ ಬಣ್ಣ ಹೊಡೆದರು, ಮಧ್ಯಾಹ್ನ ಮೂರಕ್ಕೆ ಹೊಸ ಟೈರು ಏರಿಸಿದರು. ಸಂಜೆ ಗಾಡಿ ಮನೆ ಮುಂದೆ ನಿಂತಾಗ ಕಣ್ಣಿಗೆ ಹಬ್ಬ. ನಮ್ಮಮ್ಮ ಆರತಿ ಬೆಳಗಿದರು.

ಆ ದಿನ ಏನು ತಪ್ಪಾಗಿತ್ತು ಎನ್ನುವುದು ನನಗೆ ತಿಳಿದದ್ದು ನಾಲ್ಕು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಅದೇ ಟೈರನ್ನು ಮತ್ತೆ ಬಿಚ್ಚುವಾಗ. ಟೈರು ರಿಮ್ಮನ್ನು ಬಿಡಲೇ ಇಲ್ಲ. ಟೈರಿನ ಒಳಸುತ್ತಿನಲ್ಲಿ ಉಕ್ಕಿನ ತಂತಿ ಸುತ್ತಿದ ಗಟ್ಟಿ ಅಂಚು ಇರುತ್ತದಲ್ಲ, ಬೀಡ್ ಎನ್ನುತ್ತಾರೆ, ಅದು ರಿಮ್ಮಿನ ಅಂಚಿಗೆ ಬೆಸೆದ ಹಾಗೆ ಕೂತಿತ್ತು. ಇಬ್ಬರು ಲಿವರ್ ಹಾಕಿದರು, ಒಬ್ಬ ಸುತ್ತಿಗೆ ಬೀಸಿದ. ಕೊನೆಗೆ ಕಿತ್ತು ಬಂದಾಗ ರಬ್ಬರಿನ ಅಂಚಿನ ಮೇಲೆ ಬೆಳ್ಳಿ ಬಣ್ಣದ ಪಟ್ಟಿ ಅಂಟಿಕೊಂಡು ಬಂತು. ಆ ಪಟ್ಟಿಯ ಬೆನ್ನಿಗೆ ಕೆಂಪು ತುಕ್ಕು. ಅಂದರೆ ಬಣ್ಣ ರಿಮ್ಮನ್ನು ಬಿಟ್ಟು ಟೈರನ್ನು ಹಿಡಿದುಕೊಂಡಿತ್ತು.

ರಿಮ್ಮನ್ನು ನೆಲಕ್ಕೆ ಮಲಗಿಸಿ ಒಳಗೆ ನೋಡಿದೆ. ನಡುವಿನ ತಗ್ಗಿನಲ್ಲಿ ಕೆಂಪು ರಾಡಿ, ಅದರಲ್ಲಿ ಎರಡು ಭತ್ತದ ಹುಲ್ಲಿನ ಎಳೆ. ಟ್ಯೂಬಿನ ವಾಲ್ವ್ ಹೊರಬರುವ ತೂತಿನ ಸುತ್ತ ಕಬ್ಬಿಣ ಪದರು ಪದರಾಗಿ ಎದ್ದಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಮೀಟಿದರೆ ಹಪ್ಪಳದ ಹಾಗೆ ಚಕ್ಕೆ ಎದ್ದು ಬಂತು. ಆದರೆ ರಿಮ್ಮಿಗೆ ಬೆಸುಗೆ ಹಾಕಿದ ಕಿವಿಗಳಿರುತ್ತವೆ, ಡಿಸ್ಕನ್ನು ಬೋಲ್ಟ್ ಹಾಕಿ ಬಿಗಿಯುವ ಜಾಗ. ಅಂಥ ಒಂದು ಕಿವಿಯ ಹಿಂಬದಿಯಲ್ಲಿ, ನೀರು ನಿಲ್ಲದ ಮೂಲೆಯಲ್ಲಿ, ಅಂಗೈಯಗಲದಷ್ಟು ಕಂಪನಿಯ ಮೂಲ ಬಣ್ಣ ಹಾಗೇ ಉಳಿದಿತ್ತು. ಮೂವತ್ತು ವರ್ಷ ದಾಟಿದ ಬಣ್ಣ. ಉಗುರಿನಿಂದ ಕೆರೆದೆ. ಏಳಲಿಲ್ಲ. ಅದನ್ನು ನೋಡುತ್ತಾ ಬಹಳ ಹೊತ್ತು ಕೂತಿದ್ದೆ.

ಟ್ರ್ಯಾಕ್ಟರಿನ ಮೈಯಲ್ಲಿ ತುಕ್ಕಿಗೆ ಇದಕ್ಕಿಂತ ಅನುಕೂಲವಾದ ಜಾಗ ಇನ್ನೊಂದಿಲ್ಲ. ಗದ್ದೆ ಕೆಸರು ಮಾಡುವಾಗ ಚಕ್ರ ಅಚ್ಚಿನವರೆಗೆ ಮುಳುಗುತ್ತದೆ. ಟೈರಿನ ಅಂಚಿಗೂ ರಿಮ್ಮಿಗೂ ನಡುವಿನ ಕೂದಲೆಳೆ ಸಂದಿಗೆ ನೀರು ನುಗ್ಗುತ್ತದೆ. ನುಗ್ಗಿದ್ದು ಹೊರಗೆ ಬರುವುದಿಲ್ಲ. ಕಬ್ಬಿಣಕ್ಕೆ ಗಾಳಿ ಚೆನ್ನಾಗಿ ತಾಗುವ ಕಡೆ ತುಕ್ಕು ಹೆಚ್ಚು ಅಂತ ನಾವು ಅಂದುಕೊಳ್ಳುತ್ತೇವೆ. ನೀರು ನಿಂತ ಸಂದಿಯಲ್ಲಿ ನಡೆಯುವುದು ಇದರ ಉಲ್ಟಾ. ಸಂದಿಯ ಬಾಯಿಯಲ್ಲಿ ಗಾಳಿ ಸಿಗುತ್ತದೆ, ಒಳಗೆ ಸಿಗುವುದಿಲ್ಲ. ಈ ಏರುಪೇರಿನಿಂದ ಅಲ್ಲಿ ಬ್ಯಾಟರಿಯಂಥ ಕ್ರಿಯೆ ಹುಟ್ಟಿ, ಗಾಳಿ ಸಿಗದ ಒಳಭಾಗದ ಕಬ್ಬಿಣವೇ ಬೇಗ ಕರಗುತ್ತದೆ. ಅದರ ಮೇಲೆ ನಾವು ಹಾಕುವ ಗೊಬ್ಬರ. ಪೊಟ್ಯಾಷ್ ಎಂದು ಚೀಲದಲ್ಲಿ ಬರುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಟ್ರೇಲರಿನಲ್ಲಿ ಗೊಬ್ಬರ ಸಾಗಿಸಿ, ಚಕ್ರ ತೊಳೆಯದೆ ನಿಲ್ಲಿಸಿದರೆ ಸಮುದ್ರದ ದಂಡೆಯಲ್ಲಿ ನಿಲ್ಲಿಸಿದ ಹಾಗೇ ಲೆಕ್ಕ.

ಇದು ಹೊರಗಿನಿಂದ ಬರುವ ನೀರು. ಒಳಗಿನಿಂದಲೂ ನೀರಿದೆ. ಹಿಡಿತ ಸಾಲದು ಎಂದು ಹಿಂದಿನ ಟ್ಯೂಬಿಗೆ ಮುಕ್ಕಾಲು ಭಾಗ ನೀರು ತುಂಬಿಸುತ್ತೇವೆ, ಒಂದೊಂದು ಚಕ್ರಕ್ಕೆ ನೂರು ಲೀಟರಿಗೂ ಮೀರಿ. ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟಬಾರದೆಂದು ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ತುಂಬುವ ರೂಢಿ ಇತ್ತು. ಅಲ್ಲಿನ ಹಳೆಯ ಟ್ರ್ಯಾಕ್ಟರುಗಳ ರಿಮ್ಮುಗಳು ವಾಲ್ವಿನ ಸುತ್ತ ಕೊರೆದುಹೋಗಿರುವುದಕ್ಕೆ ಆ ಉಪ್ಪುನೀರಿನ ಸೋರಿಕೆಯೇ ಕಾರಣ. ನಮಗೆ ಆ ಗೋಜಿಲ್ಲ, ಸಾದಾ ನೀರೇ ಸಾಕು. ಆದರೂ ಟ್ಯೂಬು ಎಲ್ಲೋ ಒಂದು ಕಡೆ ಜಿನುಗಿತೆಂದರೆ ಆ ನೀರು ರಿಮ್ಮಿನ ತಗ್ಗಿನಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಉಬ್ಬಿದ ಆ ಚಕ್ಕೆ ಟ್ಯೂಬನ್ನು ಉಜ್ಜುತ್ತದೆ, ಟ್ಯೂಬು ಮತ್ತೆ ಜಿನುಗುತ್ತದೆ, ತುಕ್ಕು ಮತ್ತೆ ಉಬ್ಬುತ್ತದೆ. ಮುಳ್ಳಿಲ್ಲ, ಮೊಳೆಯಿಲ್ಲ, ಆದರೂ ಟ್ಯೂಬು ಮೇಲಿಂದ ಮೇಲೆ ಪಂಕ್ಚರ್ ಆಗುತ್ತಿದೆ ಎನ್ನುವವರು ಒಮ್ಮೆ ರಿಮ್ಮಿನ ಒಳಗೆ ಕೈಯಾಡಿಸಿ ನೋಡಬೇಕು.

ಎತ್ತಿನ ಗಾಡಿಗೆ ಈ ರೋಗವೇ ಇರಲಿಲ್ಲ. ಮರದ ಗಾಲಿಗೆ ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಕಬ್ಬಿಣದ ಪಟ್ಟಿ ಏರಿಸಿ ನೀರು ಸುರಿಯುತ್ತಿದ್ದರು. ಪಟ್ಟಿ ಬಿಗಿದುಕೊಳ್ಳುತ್ತಿತ್ತು, ದಾರಿಯೇ ಅದನ್ನು ಉಜ್ಜಿ ಕನ್ನಡಿ ಮಾಡುತ್ತಿತ್ತು. ಮೊದಮೊದಲ ಟ್ರ್ಯಾಕ್ಟರುಗಳದ್ದೂ ಕಬ್ಬಿಣದ ಚಕ್ರವೇ. ಅಮೆರಿಕದ ಅಲಿಸ್-ಚಾಮರ್ಸ್ ಕಂಪನಿ ಫೈರ್‌ಸ್ಟೋನ್ ಜೊತೆ ಸೇರಿ ಗಾಳಿ ತುಂಬಿದ ರಬ್ಬರ್ ಟೈರನ್ನು ಟ್ರ್ಯಾಕ್ಟರಿಗೆ ಹಾಕಿ ಮಾರಲು ಹೊರಟದ್ದು 1932ರ ಸುಮಾರಿಗೆ. ರೈತರು ನಂಬಲಿಲ್ಲ, ರಬ್ಬರು ಹೊಲದಲ್ಲಿ ಜಾರುತ್ತದೆ, ಕೂಳೆ ಚುಚ್ಚಿದರೆ ಕಥೆ ಮುಗಿಯಿತು ಎಂದರು. 1933ರಲ್ಲಿ ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಹೆಸರಾಂತ ಕಾರ್ ರೇಸಿನವನನ್ನು ಕರೆಸಿ, ರಬ್ಬರ್ ಟೈರಿನ ಟ್ರ್ಯಾಕ್ಟರನ್ನು ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡಿಸಿ ತೋರಿಸಬೇಕಾಯಿತು. ಆಮೇಲೆ ಜಗತ್ತೇ ರಬ್ಬರಿಗೆ ತಿರುಗಿತು. ಒಳ್ಳೆಯದೇ ಆಯಿತು. ಅದರ ಜೊತೆಗೇ ಚಕ್ರದಲ್ಲಿ ಕಣ್ಣಿಗೆ ಬೀಳದ, ಬಿಸಿಲು ತಾಗದ, ಕೈ ಹೋಗದ ಒಂದು ಜಾಗವೂ ಹುಟ್ಟಿತು. ಟೈರು ಬದಲಿಸುವ ದಿನ ಮಾತ್ರ ಆ ಜಾಗ ಪೂರ್ತಿಯಾಗಿ ತೆರೆಯುತ್ತದೆ. ನನ್ನ ಗಾಡಿಯಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ತೆರೆಯಿತು.

ನನಗೆ ದಾರಿ ತೋರಿಸಿದವರು ಹರಿಹರದ ಒಬ್ಬ ಹಿರಿಯರು. ಲೇಥ್ ಯಂತ್ರ ಮಾಡುತ್ತಿದ್ದ ಅಲ್ಲಿನ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದಲ್ಲಿ ದುಡಿದವರು. ನಾನು ಅಜ್ಜಾರು ಎಂದೇ ಕರೆಯುವುದು. ರಿಮ್ಮುಗಳನ್ನು ಟ್ರೇಲರಿಗೆ ಹಾಕಿಕೊಂಡು ಹೋಗಿ ಅವರ ಮುಂದೆ ಇಳಿಸಿದೆ. ಅವರು ಬಣ್ಣದ ಮಾತೇ ಎತ್ತಲಿಲ್ಲ. ಸಣ್ಣ ಸುತ್ತಿಗೆ ತರಿಸಿ, ರಿಮ್ಮನ್ನು ಗೋಡೆಗೆ ಒರಗಿಸಿ, ಸುತ್ತಲೂ ಗೇಣಿಗೊಂದು ಸಲ ತಟ್ಟುತ್ತಾ ಹೋದರು. ಟಣ್, ಟಣ್, ಟಣ್. ವಾಲ್ವಿನ ತೂತಿನ ಹತ್ತಿರ ಬಂದಾಗ ದನಿ ಡಬ್ ಎಂದಿತು. “ಕೇಳಿದ್ಯಾ ತಮ್ಮಾ? ಇಲ್ಲಿ ಕಬ್ಬಿಣ ಇಲ್ಲ, ಬರೇ ತುಕ್ಕು ಐತಿ” ಎಂದರು. ಅಷ್ಟು ಭಾಗ ಕತ್ತರಿಸಿ, ಹೊಸ ತಗಡು ಬೆಸೆದು, ನಯವಾಗಿ ಉಜ್ಜಿಸಿಕೊಂಡು ಬಾ ಎಂದು ಕಳಿಸಿದರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ರಿಮ್ಮಿಗೆ ಬೆಸುಗೆ ಹಾಕಿಸುವುದಿದ್ದರೆ ಟೈರು ಪೂರ್ತಿ ಬಿಚ್ಚಿರಲೇಬೇಕು. ಗಾಳಿ ಇಳಿಸಿದರೆ ಸಾಕು ಎಂದು ಹೇಳುವವರಿದ್ದಾರೆ. ಸಾಕಾಗುವುದಿಲ್ಲ. ಬೆಸುಗೆಯ ಬಿಸಿಗೆ ಟೈರಿನ ಒಳಗಿನ ರಬ್ಬರು ಬೆಂದು, ಹೊತ್ತಿಕೊಳ್ಳುವ ಅನಿಲ ಬಿಡುತ್ತದೆ. ಮುಚ್ಚಿದ ಜಾಗದಲ್ಲಿ ಅದು ಬಾಂಬಿನ ಹಾಗೆ ಸಿಡಿಯುತ್ತದೆ, ಕೆಲವೊಮ್ಮೆ ಬೆಸುಗೆ ಮುಗಿದು ಸ್ವಲ್ಪ ಹೊತ್ತಾದ ಮೇಲೆ. ಹಾಗೆ ಜೀವ ಹೋದವರಿದ್ದಾರೆ. ಬೆಸುಗೆ ಹಾಕುವ ಹುಡುಗ ನಿಮ್ಮ ಮನೆಯವನಲ್ಲದಿರಬಹುದು, ಅವನಿಗೂ ಒಂದು ಮನೆ ಇದೆ.

ತುಕ್ಕು ತೆಗೆಯುವ ಕೆಲಸಕ್ಕೆ ಎರಡು ದಿನ ಹಿಡಿಯಿತು. ಮೊದಲು ಸೋಪುನೀರಿನಲ್ಲಿ ತೊಳೆದು ಗ್ರೀಸು, ಸಗಣಿ, ಗೊಬ್ಬರದ ಅಂಶ ತೆಗೆಯಬೇಕು. ಇಲ್ಲದಿದ್ದರೆ ಗ್ರೈಂಡರಿನ ಬ್ರಷ್ಷು ಆ ಜಿಡ್ಡನ್ನು ಕಬ್ಬಿಣದ ಮೈಗೆಲ್ಲ ಸವರುತ್ತದೆ. ಆಮೇಲೆ ಗ್ರೈಂಡರಿಗೆ ತಂತಿಯ ಬಟ್ಟಲು ಬ್ರಷ್ ಹಾಕಿ ಉಜ್ಜುವುದು, ಬ್ರಷ್ ಹೋಗದ ಮೂಲೆಗೆ ಉಪ್ಪುಕಾಗದ. ಹಳೆ ಬಣ್ಣ ಉಜ್ಜುವಾಗ ಮೂಗು-ಬಾಯಿಗೆ ಸರಿಯಾದ ಮಾಸ್ಕ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ನಮ್ಮ ದೇಶದಲ್ಲಿ ಸೀಸಕ್ಕೆ ದಶಲಕ್ಷಕ್ಕೆ 90 ಭಾಗದ ಮಿತಿ ಹಾಕಿದ ನಿಯಮ ಜಾರಿಗೆ ಬಂದದ್ದೇ 2017ರಲ್ಲಿ, ಅದೂ ಮನೆಗೆ ಬಳಿಯುವ ಬಣ್ಣಗಳಿಗೆ. 1989ರ ರಿಮ್ಮಿನ ದೂಳನ್ನು ಅಂಗಳದಲ್ಲಿ ಹಾರಿಸಿ, ಅಲ್ಲೇ ಮಕ್ಕಳನ್ನು ಆಡಲು ಬಿಡಬಾರದು. ಒದ್ದೆ ಮಾಡಿ ಉಜ್ಜಿ, ರಾಡಿಯನ್ನು ಬಟ್ಟೆಯಲ್ಲಿ ಒರೆಸಿ ತೆಗೆದರೆ ದೂಳು ಏಳುವುದಿಲ್ಲ.

ಎಷ್ಟು ಉಜ್ಜಿದರೂ ಸೂಜಿಮೊನೆಯಂಥ ಗುಳಿಗಳಲ್ಲಿ ತುಕ್ಕು ಉಳಿಯುತ್ತದೆ. ಅದಕ್ಕೆ ರಸ್ಟ್ ಕನ್ವರ್ಟರ್ ಎಂಬ ದ್ರಾವಣ ಸಿಗುತ್ತದೆ. ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ, ಕೆಲವದರಲ್ಲಿ ಟ್ಯಾನಿಕ್ ಆಮ್ಲ. ಬ್ರಷ್ಷಿನಲ್ಲಿ ಹಚ್ಚಿದ ಸ್ವಲ್ಪ ಹೊತ್ತಿಗೆ ಕೆಂಪು ತುಕ್ಕು ಕಪ್ಪಾಗುವುದನ್ನು ನೋಡಿ ನನ್ನ ಜೊತೆಗಿದ್ದ ಹುಡುಗ ಬೆರಗಾದ. ಅಡಿಕೆ ಸುಲಿಯುವವರಿಗೆ ಇದು ಹೊಸದಲ್ಲ. ಹಸಿ ಅಡಿಕೆ ತಾಗಿದ ಕತ್ತಿಯ ಅಲಗು ಕಪ್ಪಾಗುವುದು ಇದೇ ಕಾರಣಕ್ಕೆ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪು ವಸ್ತುವಾಗುತ್ತದೆ. ಹಿಂದೆ ಅಳಲೆಕಾಯಿ ರಸಕ್ಕೆ ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಈ ಕಪ್ಪು ಪದರ ತುಕ್ಕಿನ ಹಾಗೆ ಹಬ್ಬುವುದಿಲ್ಲ, ಬಣ್ಣಕ್ಕೆ ಹಿಡಿತ ಕೊಡುತ್ತದೆ. ಆದರೆ ಚಕ್ಕೆ ಏಳುವ ತುಕ್ಕಿನ ಮೇಲೆ ಹಚ್ಚಿದರೆ ದುಡ್ಡು ದಂಡ. ಚಕ್ಕೆ ಬಿದ್ದರೆ ಅದರ ಜೊತೆಗೇ ಕಪ್ಪೂ ಬೀಳುತ್ತದೆ.

ಪ್ರೈಮರಿನ ವಿಷಯಕ್ಕೆ ಬಂದಾಗ ಅಜ್ಜಾರು ನನ್ನ ಕೈಯಲ್ಲಿದ್ದ ರೆಡ್ ಆಕ್ಸೈಡ್ ಡಬ್ಬ ನೋಡಿ, “ಇದು ಹೊರಗಡೆಗೆ ನಡೀತೈತಿ. ಒಳಗಡೆಗೆ ಇಪಾಕ್ಸಿ ತಗಂಬಾ” ಎಂದರು. ಕಾರಣ ಕೇಳಿದೆ. ಸಾದಾ ರೆಡ್ ಆಕ್ಸೈಡ್ ಪ್ರೈಮರು, ಎನಾಮಲ್ ಬಣ್ಣ ಎರಡಕ್ಕೂ ಎಣ್ಣೆಯೇ ಆಧಾರ. ಎಣ್ಣೆಗೆ ಕ್ಷಾರ ಸೇರಿದರೆ ಏನಾಗುತ್ತದೆ ಎಂದು ಸೋಪು ಮಾಡುವವರಿಗೆ ಗೊತ್ತು. ಚೌಳು ಮಣ್ಣಿನ ಕೆಸರು ಆ ಸಂದಿಯಲ್ಲಿ ಕೂತು ಬಣ್ಣವನ್ನು ನಿಧಾನವಾಗಿ ಸೋಪಾಗಿಸುತ್ತದೆ, ಬಣ್ಣ ಮೆತ್ತಗಾಗಿ ಏಳುತ್ತದೆ. ಎರಡು ಡಬ್ಬ ಬೆರೆಸಿ ಹಚ್ಚುವ ಇಪಾಕ್ಸಿ ಪ್ರೈಮರಿಗೆ ಈ ತೊಂದರೆ ಬಹಳ ಕಡಿಮೆ. ಬಿಸಿಲಿಗೆ ಇಪಾಕ್ಸಿ ಪುಡಿಪುಡಿಯಾಗುತ್ತದೆ ಎಂಬ ದೂರಿದೆ, ನಿಜವೂ ಹೌದು. ಟೈರಿನ ಕತ್ತಲಲ್ಲಿ ಬಿಸಿಲೆಲ್ಲಿ?

ಇನ್ನು ಆ ಒಂದು ವಾರದ ವಿಷಯ. ಬಣ್ಣ ಒಣಗುವುದು ಎಂದರೆ ಬಟ್ಟೆ ಒಣಗಿದ ಹಾಗೆ ಎಂದು ನಾನು ತಿಳಿದಿದ್ದೆ. ತಿನ್ನರ್ ಆರಿಹೋಗುವುದು ಮೊದಲ ಹಂತ ಅಷ್ಟೆ. ಎನಾಮಲ್ ಗಟ್ಟಿಯಾಗಬೇಕಾದರೆ ಅದರೊಳಗಿನ ಎಣ್ಣೆ ಗಾಳಿಯಿಂದ ಆಮ್ಲಜನಕ ಹೀರಿಕೊಳ್ಳಬೇಕು. ಹೀರುವುದು ಮೇಲ್ಪದರದಿಂದ ಶುರುವಾಗುತ್ತದೆ. ದಪ್ಪಗೆ ಬಳಿದರೆ ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಮೇಲೆ ಪೊರೆ ಕಟ್ಟುತ್ತದೆ, ಒಳಗೆ ಹಸಿ. ಮುಟ್ಟಿದರೆ ಕೈಗೆ ಹತ್ತುವುದಿಲ್ಲ, ಒಣಗಿದೆ ಎನ್ನುತ್ತೇವೆ. ಅದರ ಮೇಲೆ ಟೈರಿನ ಬೀಡ್ ಕೂರಿಸಿ ಗಾಳಿ ತುಂಬಿದರೆ ಆ ಪೊರೆ ಒಡೆಯುತ್ತದೆ. ಹಸಿ ಬಣ್ಣ ರಬ್ಬರನ್ನು ಹಿಡಿಯುತ್ತದೆ. ಅಲ್ಲಿಗೆ ಗಾಳಿಯೂ ಬಂದ್. ಮುಂದೆ ಅದು ಗಟ್ಟಿಯಾಗುವುದಿದ್ದರೂ ಟೈರಿಗೆ ಅಂಟಿಕೊಂಡೇ ಗಟ್ಟಿಯಾಗುತ್ತದೆ. ಹದಿನಾರು ವರ್ಷದ ಹಿಂದೆ ಆ ಮಧ್ಯಾಹ್ನ ಮೂರು ಗಂಟೆಗೆ ನನ್ನ ರಿಮ್ಮಿಗೆ ಆದದ್ದು ಇದು. ಇಪಾಕ್ಸಿ ಗಾಳಿಯನ್ನು ಕಾಯುವುದಿಲ್ಲ, ಎರಡು ಡಬ್ಬದ ರಾಸಾಯನಿಕಗಳು ಒಂದಕ್ಕೊಂದು ಸೇರಿ ಗಟ್ಟಿಯಾಗುತ್ತದೆ. ಆದರೂ ಪೂರ್ತಿ ಬಲ ಬರಲು ಅದಕ್ಕೂ ಸುಮಾರು ಏಳು ದಿನ ಬೇಕು. ಮಳೆಗಾಲದಲ್ಲಾದರೆ ಎರಡು ವಾರ ಇಟ್ಟುಕೊಳ್ಳಿ. ಬೇಸಿಗೆ ಭತ್ತ ಕೊಯ್ದು, ನಾಲೆಗೆ ನೀರು ನಿಂತ ಮೇ ತಿಂಗಳು ನಮ್ಮ ಕಡೆ ಇದಕ್ಕೆ ಹೇಳಿ ಮಾಡಿಸಿದ ಕಾಲ. ಚಳಿಗಾಲದಲ್ಲಿ ಮಾಡುವವರು ಬೆಳಗಿನ ಇಬ್ಬನಿ ಆರಿ, ಕಬ್ಬಿಣ ಕೈಗೆ ಬೆಚ್ಚಗೆ ತಾಗಿದ ಮೇಲೆ ಬ್ರಷ್ ಹಿಡಿಯಬೇಕು. ಕಣ್ಣಿಗೆ ಕಾಣದ ನೀರಿನ ಪೊರೆಯ ಮೇಲೆ ಬಳಿದ ಬಣ್ಣ ಎಂದೂ ನಿಲ್ಲುವುದಿಲ್ಲ.

ಬೀಡ್ ಕೂರುವ ಪಟ್ಟಿಯಲ್ಲಿ ಪ್ರೈಮರು ತೆಳ್ಳಗೆ ಎರಡು ಕೈ ಸಾಕು. ಅಲ್ಲಿಗೆ ಹೊಳಪಿನ ಬಣ್ಣ ಬೇಡ. ಟೈರು ಹತ್ತಿ ಕೂರುವ ಅಳತೆ ಅಲ್ಲಿ ಲೆಕ್ಕಾಚಾರದ್ದು, ದಪ್ಪ ಬಣ್ಣ ಆ ಅಳತೆ ಕೆಡಿಸುತ್ತದೆ.

ಬಣ್ಣ ಹಚ್ಚಲೇಬಾರದ ಜಾಗವೂ ಇದೆ. ಇದನ್ನು ಹೇಳುವವರು ಕಡಿಮೆ. ನಟ್ಟು ಕೂರುವ ತೂತಿನ ಅಂಚು, ಡಿಸ್ಕು ಹಬ್ಬಿಗೆ ಒತ್ತುವ ಮುಖ, ಡಿಸ್ಕಿಗೆ ರಿಮ್ಮಿನ ಕಿವಿ ಕೂರುವ ಮುಖ. ಇವು ಕಬ್ಬಿಣಕ್ಕೆ ಕಬ್ಬಿಣ ಕಚ್ಚಿ ಹಿಡಿಯಬೇಕಾದ ಜಾಗಗಳು. ಮಧ್ಯೆ ನಾಲ್ಕು ಪದರ ಬಣ್ಣ ಇದ್ದರೆ, ನಟ್ಟು ಬಿಗಿಯುವಾಗ ಬಿಗಿಯಾದ ಹಾಗೇ ಅನ್ನಿಸುತ್ತದೆ. ಭಾರ ಬಿದ್ದು ಗಾಡಿ ನಾಲ್ಕು ದಿನ ಓಡಿದ ಮೇಲೆ ಬಣ್ಣ ಹಿಸುಕಿ ತೆಳ್ಳಗಾಗುತ್ತದೆ, ನಟ್ಟು ಸಡಿಲ. ಸಡಿಲವಾದ ನಟ್ಟಿನ ಚಕ್ರ ಒಂದೇ ದಿನ ಟ್ರೇಲರ್ ಎಳೆದರೂ ಡಿಸ್ಕಿನ ದುಂಡನೆಯ ತೂತು ಕೋಳಿಮೊಟ್ಟೆ ಆಕಾರಕ್ಕೆ ಬರುತ್ತದೆ. ನನ್ನ ಎಡಗಡೆ ಡಿಸ್ಕಿನಲ್ಲಿ ಎರಡು ತೂತು ಹಾಗಾಗಿದ್ದವು, ಆ ಡಿಸ್ಕನ್ನೇ ಬದಲಿಸಬೇಕಾಯಿತು. ಈ ಜಾಗಗಳಿಗೆ ಮಾಸ್ಕಿಂಗ್ ಟೇಪು ಅಂಟಿಸಿ ಪ್ರೈಮರಿನ ಒಂದು ತೆಳು ಕೈಗೆ ಮಾತ್ರ ಬಿಡಿ, ಬಣ್ಣಕ್ಕೆ ಬಿಡಬೇಡಿ. ಪೌಡರ್ ಕೋಟಿಂಗ್ ಮಾಡಿಸುವವರು ಇದನ್ನು ಇನ್ನೂ ಗಟ್ಟಿಯಾಗಿ ಹೇಳಿ ಮಾಡಿಸಬೇಕು. ಸುಮಾರು 180ರಿಂದ 200 ಡಿಗ್ರಿ ಬಿಸಿಯಲ್ಲಿ ಬೇಯಿಸುವ ಆ ಪದರ ಚೆಂದ, ಗಟ್ಟಿ, ಆದರೆ ದಪ್ಪ. ಗುಳಿ ಬಿದ್ದ ಹಳೆ ರಿಮ್ಮಿಗೆ ಅದು ಅಷ್ಟು ಹೊಂದುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ಒಂದು ಕಡೆ ಕಲ್ಲು ಬಡಿದು ಒಡೆದರೆ ಅದರಡಿ ನೀರು ಹರಿದಾಡುತ್ತದೆ, ಮೇಲೆ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ.

ಹೊರಮೈಗೆ ಯಾವ ಬಣ್ಣ? ಹುಡುಗರು ಕಪ್ಪು ಕೇಳುತ್ತಾರೆ, ಕೆಂಪು ಕೇಳುತ್ತಾರೆ, ಆಯುಧಪೂಜೆಗೆ ಮಿಂಚುವ ನೀಲಿ ಕೇಳಿದವರೂ ಇದ್ದಾರೆ. ಗಾಡಿ ಅವರದು, ಪ್ರೀತಿಯೂ ಅವರದು. ನಾನು ಕಂಪನಿಯ ಬೆಳ್ಳಿಬೂದು ಬಣ್ಣವನ್ನೇ ಉಳಿಸಿಕೊಂಡೆ, ಅದಕ್ಕೆ ಚೆಂದಕ್ಕಿಂತ ಬೇರೆ ಕಾರಣವಿದೆ. ನಟ್ಟು ಸಡಿಲವಾದರೆ ಅದರ ಬುಡದಿಂದ ತುಕ್ಕಿನ ಕೆಂಪು ಗೆರೆ ಹೊರಡುತ್ತದೆ, ಕುಂಕುಮ ನೀರಿಗೆ ಕರಗಿ ಇಳಿದ ಹಾಗೆ. ತಿಳಿ ಬಣ್ಣದ ರಿಮ್ಮಿನಲ್ಲಿ ಹತ್ತು ಮಾರು ದೂರದಿಂದಲೇ ಅದು ಕಾಣುತ್ತದೆ. ಕೂದಲೆಳೆಯಂಥ ಬಿರುಕೂ ಕಾಣುತ್ತದೆ. ಕಪ್ಪಿನಲ್ಲಿ, ಕಡುಗೆಂಪಿನಲ್ಲಿ ಎರಡೂ ಮುಚ್ಚಿಹೋಗುತ್ತವೆ.

ಏಳನೇ ದಿನ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿದೆ, ಗುರುತು ಬೀಳಲಿಲ್ಲ. ಟೈರು ಏರಿಸಲು ಕೊಟ್ಟೆ. ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು ಮೂರು ವಿಷಯ ಕೇಳಿಕೊಂಡೆ. ಟೈರಿನ ಅಂಚಿಗೆ ಸೋಪುನೀರು ಹಚ್ಚಿ, ಗ್ರೀಸು, ಆಯಿಲ್ ಬೇಡ, ಅವು ರಬ್ಬರನ್ನು ತಿನ್ನುತ್ತವೆ. ಲಿವರಿನ ಕೆಳಗೆ ಹಳೆ ಟ್ಯೂಬಿನ ತುಂಡು ಇಟ್ಟು ಮೀಟಿ, ಹೊಸ ಬಣ್ಣ ಕೆತ್ತಿಹೋಗದಿರಲಿ. ಬೀಡ್ ಕೂರಿಸಲು ಗಾಳಿ ತುಂಬುವಾಗ 35 ಪೌಂಡ್ ದಾಟಬೇಡಿ, ಅಷ್ಟಕ್ಕೂ ಕೂರದಿದ್ದರೆ ಗಾಳಿ ಇಳಿಸಿ, ಸೋಪುನೀರು ಹಚ್ಚಿ ಮತ್ತೆ ನೋಡಿ. ಇನ್ನಷ್ಟು ತುಂಬಿದರೆ ಬೀಡಿನ ತಂತಿ ಕಡಿದು ಟೈರು ಎದೆಗೇ ಹಾರೀತು. ಹೊಲದ ಕೆಲಸಕ್ಕೆ ಆಮೇಲೆ 12ರಿಂದ 14 ಪೌಂಡಿಗೆ ಇಳಿಸಿದರಾಯಿತು. ಹಲ್ಲಿನ ದಿಕ್ಕನ್ನೂ ನೋಡಿಕೊಳ್ಳಬೇಕು, ಟ್ರ್ಯಾಕ್ಟರಿನ ಹಿಂದೆ ನಿಂತರೆ ಹಲ್ಲುಗಳ ಮೊನೆ ಮೇಲ್ಮುಖವಾಗಿ ಕಾಣಬೇಕು. ನೀರು ತುಂಬಿಸುವುದಾದರೆ ವಾಲ್ವ್ ನೆತ್ತಿಗೆ ಬರುವ ಹಾಗೆ ಚಕ್ರ ತಿರುಗಿಸಿ ನಿಲ್ಲಿಸಿ, ವಾಲ್ವಿನ ಮಟ್ಟಕ್ಕೆ ನೀರು ಬಂದಾಗ ಸರಿಸುಮಾರು ಮುಕ್ಕಾಲು ಭಾಗ ತುಂಬಿರುತ್ತದೆ.

ಮೊದಲ ದಿನ ಖಾಲಿ ಟ್ರೇಲರ್ ಎಳೆದುಕೊಂಡು ಊರ ಸುತ್ತ ಬಂದು, ಸ್ಪ್ಯಾನರ್ ಹಿಡಿದು ಒಂದೊಂದು ನಟ್ಟನ್ನೂ ನೋಡಿದೆ. ಎರಡು ನಟ್ಟು ಕಾಲು ಸುತ್ತು ತಿರುಗಿದವು. ಭಾರ ಹೇರಿದ ಮೇಲೆ ಮತ್ತೆ ನೋಡಿದೆ. ಆಮೇಲೆ ಅವು ಅಲುಗಿಲ್ಲ.

ಕಳೆದ ಭತ್ತದ ಹಂಗಾಮಿನಲ್ಲಿ ಬಲಗಡೆ ಟೈರಿಗೆ ಜಾಲಿ ಮುಳ್ಳು ಹೊಕ್ಕಿತು. ಪಂಕ್ಚರ್ ಅಂಗಡಿಯ ಹುಡುಗ ಲಿವರ್ ಹಾಕಿ ಒತ್ತಿದ ಕೂಡಲೇ ಟೈರಿನ ಅಂಚು ಸದ್ದಿಲ್ಲದೆ ರಿಮ್ಮನ್ನು ಬಿಟ್ಟುಕೊಟ್ಟಿತು. ಟ್ಯೂಬು ಎಳೆದು, ಒಳಗೆ ಮುಳ್ಳು ಉಳಿದಿದೆಯೇ ಎಂದು ರಿಮ್ಮಿನ ಸುತ್ತ ಕೈಯಾಡಿಸಿ, ಕೈ ಹೊರಗೆ ತೆಗೆದು ಅಂಗೈ ನೋಡಿಕೊಂಡ. “ಏನಣ್ಣಾ, ಹೊಸ ರಿಮ್ಮಾ?” ಎಂದ. ಟಾರ್ಚ್ ಬಿಟ್ಟು ನೋಡಿದೆ. ವಾಲ್ವಿನ ತೂತಿನ ಬಲಕ್ಕೆ, ಲಿವರ್ ಜಾರಿ ಕೆತ್ತಿದ ಕಡೆ, ಅಕ್ಕಿಕಾಳಿನಷ್ಟು ಜಾಗದಲ್ಲಿ ಕೆಂಪು ಕಾಣಿಸಿತು. ಉಪ್ಪುಕಾಗದದಲ್ಲಿ ಉಜ್ಜಿ, ಮನೆಯಿಂದ ಪ್ರೈಮರ್ ತರಿಸಿ ಬೆರೆಸಿ, ಕಡ್ಡಿಯ ತುದಿಯಿಂದ ತೆಳ್ಳಗೆ ಹಚ್ಚಿದೆ. ಬೀಡ್ ಕೂರುವ ಜಾಗ ಅದಲ್ಲ, ಅಷ್ಟು ಸಣ್ಣ ಚುಕ್ಕೆಗೆ ಎರಡು ದಿನ ಸಾಕು ಎಂದು ಅಜ್ಜಾರು ಫೋನಿನಲ್ಲಿ ಹೇಳಿದರು. ಚಕ್ರವನ್ನು ಅಂಗಡಿಯಲ್ಲೇ ಬಿಟ್ಟು, ಹಿಂದಿನ ಆಕ್ಸಲಿಗೆ ಮರದ ದಿಮ್ಮಿ ಕೊಟ್ಟು ಗಾಡಿ ನಿಲ್ಲಿಸಿ, ಬಸ್ಸಿಗೆ ಮನೆಗೆ ಬಂದೆ.